ಗೋವಾದ ಹಳೆ ಚರ್ಚಿನಲ್ಲಿ ಸಮುದಾಯ ಭವನ: ಪದೇ ಪದೇ ಕೇಳುವ ಪ್ರಶ್ನೆಗಳು

ವಾಸ್ಕೊ, ಮಡಗಾಂವ್, ಪಣಜಿ, ಫೋಂಡಾ ಕಡೆಯ ಕನ್ನಡ ಸಂಘಗಳಿಗೆ ಸಭೆ ಸೇರಲು, ಮಕ್ಕಳಿಗೆ ಕನ್ನಡ ಕಲಿಸಲು, ತಾಲೀಮು ನಡೆಸಲು ಜಾಗ ಬೇಕು. ಇತ್ತ ಬಾಗಿಲು ಹಾಕಿದ ಹಳೆ ಕಪೇಲು (ಸಣ್ಣ ಚರ್ಚು), ಜನ ಕಡಿಮೆಯಾದ ಚರ್ಚು, ಖಾಲಿ ಬಿದ್ದ ಪಾದ್ರಿಮನೆಗಳಿಗೆ ನೋಡಿಕೊಳ್ಳುವವರು ಬೇಕು. ಇಬ್ಬರನ್ನೂ ಕೂಡಿಸುವ ಮಾತು ಬಂದಾಗ ಸಂಘದವರೂ ಚರ್ಚಿನ ಸಮಿತಿಗಳಲ್ಲಿರುವ ಕನ್ನಡಿಗ ಕಥೋಲಿಕರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಹಳೆ ಕಟ್ಟಡವನ್ನು ಬಳಸುವುದಕ್ಕಿಂತ ಹಾಗೇ ಮುಚ್ಚಿಡುವುದು ಸುರಕ್ಷಿತವಲ್ಲವೇ?

ಅಲ್ಲ. ಹಳೆ ಗೋವಾದ ಸಂತ ಅಗಸ್ಟೀನರ ಚರ್ಚನ್ನೇ ನೋಡಿ. 1835ರಲ್ಲಿ ಸನ್ಯಾಸಿಗಳ ಮಠಗಳನ್ನು ಮುಚ್ಚಿಸಿದಾಗ ಅದು ಖಾಲಿಯಾಯಿತು. 1842ರಲ್ಲಿ ಕಮಾನು ಚಾವಣಿ ಕುಸಿಯಿತು. 1931ರಲ್ಲಿ ಗೋಪುರದ ದೊಡ್ಡ ಭಾಗವೂ ಉರುಳಿತು. ಜನವಿದ್ದ ಕಟ್ಟಡದಲ್ಲಿ ಹಂಚು ಜಾರಿದರೆ ಮರುದಿನ ಯಾರಾದರೂ ನೋಡುತ್ತಾರೆ. ಖಾಲಿ ಕಟ್ಟಡದಲ್ಲಿ ಅದೇ ತೂತಿನಿಂದ ಮೂರು ಮಳೆಗಾಲ ನೀರಿಳಿದ ಮೇಲೆ ತೊಲೆ ಮುರಿದಾಗಲೇ ಗೊತ್ತಾಗುವುದು.

ಆದರೆ ಬಳಕೆಯೂ ಕಟ್ಟಡವನ್ನು ಕೆಡಿಸಬಲ್ಲದು. ಕಟ್ಟಡ ಏನನ್ನು ತಾಳುತ್ತದೆ ಎಂದು ಮೊದಲು ತಿಳಿದು, ಅಲ್ಲಿ ಏನು ನಡೆಸಬೇಕೆಂದು ಆಮೇಲೆ ತೀರ್ಮಾನಿಸಬೇಕು. 'ನಮಗೆ 400 ಜನರ ಎಸಿ ಹಾಲ್ ಬೇಕು' ಎಂದು ಹೊರಟವರಿಗೆ ಹಳೆ ಚರ್ಚು ಸರಿಯಾದ ಜಾಗವಲ್ಲ.

ಯಾವ ಚರ್ಚನ್ನಾದರೂ ಹೀಗೆ ಬಳಸಬಹುದೇ?

ಭಾರತೀಯ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳನ್ನು ಬಿಟ್ಟುಬಿಡಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಳೆ ಗೋವಾದ ಚರ್ಚುಗಳಲ್ಲಿ ನಿಮ್ಮ ಸಂಘ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಮ್ಮ ಕಪೇಲು ಈ ವ್ಯಾಪ್ತಿಯೊಳಗಿದ್ದರೆ ಶೌಚಾಲಯ ಕಟ್ಟುವ ಯೋಚನೆಗೂ ಮುನ್ನ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ನಿಯಮ ನೋಡಿ.

ಉಳಿದವುಗಳಲ್ಲಿ ಪ್ರಾರ್ಥನೆ ನಿಂತುಹೋದ ಕಪೇಲು, ಹಳೆಯ ಪಾದ್ರಿಮನೆ, ಚರ್ಚಿಗೆ ಅಂಟಿಕೊಂಡ ಶಾಲಾಕೋಣೆ ಇವು ಹೆಚ್ಚು ಅನುಕೂಲ. ಗೋವಾದಲ್ಲಿ ಮಾದರಿಗಳಿಗೆ ಕೊರತೆಯಿಲ್ಲ. ಸಂತ ಫ್ರಾನ್ಸಿಸರ ಮಠದಲ್ಲಿ 1964ರಿಂದ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ರಾಶೋಲ್ ಸೆಮಿನರಿಯಲ್ಲಿ 1994ರಲ್ಲಿ ಶುರುವಾದ ಕ್ರೈಸ್ತ ಕಲಾ ವಸ್ತುಸಂಗ್ರಹಾಲಯ 2002ರಲ್ಲಿ ಸಾಂತಾ ಮೋನಿಕಾ ಮಠಕ್ಕೆ ಬಂತು. ಗುಡ್ಡದ ಮೇಲಿನ ಮೊಂತೆ ಕಪೇಲಿನಲ್ಲಿ ಸಂಗೀತೋತ್ಸವ ನಡೆದಿದೆ. ನಿಮ್ಮ ಕಮಿಟಿಯವರನ್ನು ಕರೆದುಕೊಂಡು ಹೋಗಿ ಇವನ್ನು ನೋಡಿ ಬನ್ನಿ. ದೀಪ ಎಲ್ಲಿ ಕೂರಿಸಿದ್ದಾರೆ, ತಂತಿ ಹೇಗೆ ಒಯ್ದಿದ್ದಾರೆ, ನೆಲಕ್ಕೆ ಏನು ಹಾಸಿದ್ದಾರೆ ಎಂಬುದನ್ನು ಮುಖ್ಯವಾಗಿ ಗಮನಿಸಿ.

ಬಲಿಪೂಜೆ (ಮಾಸ್) ನಡೆಯುವ ಚರ್ಚಿನಲ್ಲೇ ನಮ್ಮ ಕಾರ್ಯಕ್ರಮ ಮಾಡಬಹುದೇ?

ಕಥೋಲಿಕ ಚರ್ಚಾದರೆ ಅದರ ಆಂತರಿಕ ಕಾನೂನಾದ ಕ್ಯಾನನ್ ಕಾನೂನಿನ 1210ನೇ ವಿಧಿಯಂತೆ ಪವಿತ್ರ ಸ್ಥಳದಲ್ಲಿ ಆರಾಧನೆಗೆ, ಭಕ್ತಿಗೆ ಪೂರಕವಾದುದಕ್ಕಷ್ಟೇ ಅವಕಾಶ. ಬೇರೆ ಬಳಕೆಗೆ, ಅದು ಸ್ಥಳದ ಪಾವಿತ್ರ್ಯಕ್ಕೆ ಧಕ್ಕೆ ತರದಿದ್ದರೆ, ಬಿಷಪರು ಒಂದೊಂದು ಸಂದರ್ಭಕ್ಕೆ ಬೇರೆಬೇರೆಯಾಗಿ ಅನುಮತಿ ಕೊಡಬಹುದು. ಚರ್ಚುಗಳಲ್ಲಿ ಸಂಗೀತ ಕಚೇರಿ ನಡೆಸುವ ಬಗ್ಗೆ ವ್ಯಾಟಿಕನ್ 1987ರ ನವೆಂಬರಿನಲ್ಲಿ ಹೊರಡಿಸಿದ ಪತ್ರದಲ್ಲಿ ಸ್ಪಷ್ಟ ಸೂಚನೆಗಳಿವೆ: ಅರ್ಜಿ ಲಿಖಿತವಾಗಿರಬೇಕು, ಅದರಲ್ಲಿ ದಿನಾಂಕ ಮತ್ತು ಹಾಡುವ ಕೃತಿಗಳ ಪಟ್ಟಿ ಇರಬೇಕು, ಪ್ರವೇಶ ಉಚಿತವಾಗಿರಬೇಕು, ಕಲಾವಿದರು ಬಲಿಪೀಠದ ಆವರಣದಲ್ಲಿ ಕೂರಬಾರದು, ಪರಮಪ್ರಸಾದವನ್ನು ಸಾಧ್ಯವಾದಷ್ಟು ಬೇರೆಡೆಗೆ ಒಯ್ದಿರಬೇಕು.

ಆದ್ದರಿಂದ ಟಿಕೆಟ್ ಇಟ್ಟ ನಾಟಕಕ್ಕೋ ಹಾಸ್ಯ ಸಂಜೆಗೋ ಬಲಿಪೂಜೆ ನಡೆಯುವ ಚರ್ಚನ್ನು ಕೇಳಲೇಬೇಡಿ. ಕನ್ನಡ ಭಕ್ತಿಗೀತೆಗಳ ಗಾಯನಕ್ಕೆ ಕೇಳಬಹುದು. ಉಳಿದದ್ದಕ್ಕೆಲ್ಲ ಪಕ್ಕದ ಕಟ್ಟಡವೇ ಸರಿ.

ಕಟ್ಟಡವನ್ನು ಶಾಶ್ವತವಾಗಿ ಭವನವಾಗಿ ಮಾರ್ಪಡಿಸಲು ಚರ್ಚಿನ ಕಡೆಯಿಂದ ಏನಾಗಬೇಕು?

ಕ್ಯಾನನ್ ಕಾನೂನಿನ 1222ನೇ ವಿಧಿಯಂತೆ ಬಿಷಪರು ಲಿಖಿತ ಆದೇಶ ಹೊರಡಿಸಬೇಕು. ಆರಾಧನೆಗೆ ಬಳಸಲಾಗದ, ದುರಸ್ತಿಗೂ ದಾರಿಯಿಲ್ಲದ ಚರ್ಚನ್ನು 'ಲೌಕಿಕ, ಆದರೆ ಹೀನವಲ್ಲದ' ಬಳಕೆಗೆ ಬಿಡಬಹುದು. ಬೇರೆ ಗಂಭೀರ ಕಾರಣಗಳಿದ್ದರೆ ಪಾದ್ರಿಗಳ ಮಂಡಳಿಯ ಅಭಿಪ್ರಾಯ ಕೇಳಬೇಕು, ಕಟ್ಟಡದ ಮೇಲೆ ನ್ಯಾಯವಾದ ಹಕ್ಕುಳ್ಳವರ ಒಪ್ಪಿಗೆಯನ್ನೂ ಪಡೆಯಬೇಕು. ಆದೇಶ ಬಂದರೂ ಬಲಿಪೀಠದ ಪಾವಿತ್ರ್ಯ ತಾನಾಗಿ ಹೋಗುವುದಿಲ್ಲ, ಅದನ್ನು ಏನು ಮಾಡಬೇಕೆಂದು ಚರ್ಚೇ ಹೇಳಬೇಕು. ಈ ಆದೇಶದ ಪ್ರತಿ ಕೈಗೆ ಬರುವ ತನಕ ಒಂದು ರೂಪಾಯಿಯ ಕೆಲಸವನ್ನೂ ಆರಂಭಿಸಬೇಡಿ. ಫಾದರ್ ಬಾಯಿಮಾತಿನಲ್ಲಿ ಒಪ್ಪಿದ್ದರು ಎಂಬುದು ಅವರ ವರ್ಗಾವಣೆಯ ಮರುದಿನ ನಿಲ್ಲದು.

ಕರಾರು ಯಾರೊಂದಿಗೆ? ಸರ್ಕಾರದ ಅನುಮತಿ ಯಾವುವು?

ಗೋವಾದಲ್ಲಿ ಚರ್ಚಿನ ಆಸ್ತಿಯನ್ನು ಸಾಮಾನ್ಯವಾಗಿ ಆಯಾ ಚರ್ಚಿನ ಫಾಬ್ರಿಕಾ ಎಂಬ ಸಮಿತಿ ನೋಡಿಕೊಳ್ಳುತ್ತದೆ. ಕೆಲವು ಕಪೇಲುಗಳು ಕೊನ್ಫ್ರಾರಿಯಾಗಳ (ಭಕ್ತರ ಸಂಘಗಳ) ಕೈಯಲ್ಲಿವೆ, ಕೆಲವು ಖಾಸಗಿ ಮನೆತನಗಳವು, ಕೆಲವು ನಿಂತಿರುವ ಜಾಗ ಕೊಮುನಿದಾದಿನದು (ಊರಿನ ಜಮೀನಿನ ಸಾಮೂಹಿಕ ಒಡೆತನದ ಸಂಸ್ಥೆಯದು). ಕಟ್ಟಡ ಒಬ್ಬರದು, ನೆಲ ಇನ್ನೊಬ್ಬರದು ಎಂಬುದು ಇಲ್ಲಿ ಅಪರೂಪವಲ್ಲ. ಹಾಗಾಗಿ ಸರ್ವೆ ದಾಖಲೆಯ 1 ಮತ್ತು 14ನೇ ನಮೂನೆಯ ಪ್ರತಿ ತೆಗೆಸಿ, ವಕೀಲರಿಗೆ ತೋರಿಸಿ. ಕರಾರು ಫಾಬ್ರಿಕಾದೊಂದಿಗೆ ಆಗಲಿ, ಮಹಾಧರ್ಮಪ್ರಾಂತ್ಯದ (ಆರ್ಚ್‌ಬಿಷಪರ ಆಡಳಿತದ) ಒಪ್ಪಿಗೆ ಅದರೊಂದಿಗಿರಲಿ.

ಸರ್ಕಾರದ ಕಡೆ ಪಂಚಾಯತ್ ಅಥವಾ ಪುರಸಭೆಯ ಪರವಾನಗಿ, ನಗರ ಮತ್ತು ಗ್ರಾಮ ಯೋಜನಾ ಇಲಾಖೆಯ ತಾಂತ್ರಿಕ ಒಪ್ಪಿಗೆ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣೆ ಬೇಕಾಗುತ್ತದೆ. ಪಣಜಿಯ ಫೊಂಟೇನಾಸ್‌ನಂಥ ಸಂರಕ್ಷಣಾ ವಲಯದಲ್ಲಿದ್ದರೆ ಹೊರಗೋಡೆಯ ಬಣ್ಣಕ್ಕೂ ಸಮಿತಿಯ ಒಪ್ಪಿಗೆ ಕೇಳಬೇಕಾಗಬಹುದು.

ಮುಂಬೈ, ಪುಣೆಯ ಕನ್ನಡಿಗರು ಇದನ್ನು ಓದುತ್ತಿದ್ದರೆ, ಅಲ್ಲಿ 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 36ನೇ ಕಲಮು ಅನ್ವಯಿಸುತ್ತದೆ: ಟ್ರಸ್ಟಿನ ಕಟ್ಟಡವನ್ನು 3 ವರ್ಷಕ್ಕಿಂತ ಹೆಚ್ಚು ಅವಧಿಗೆ ಲೀಸ್ ಕೊಡಲು ಚಾರಿಟಿ ಕಮಿಷನರ ಪೂರ್ವಾನುಮತಿ ಬೇಕು. ಮುಂಬೈಯಲ್ಲಿ ಪರಂಪರೆ ಪಟ್ಟಿಯ ಕಟ್ಟಡವಾದರೆ ಅದರ ದರ್ಜೆಯನ್ನೂ ನೋಡಬೇಕು. ಮೊದಲ ದರ್ಜೆಯ ಚರ್ಚಿನಲ್ಲಿ ಬದಲಾವಣೆಗೆ ಹೆಚ್ಚುಕಡಿಮೆ ಜಾಗವೇ ಇಲ್ಲ.

ರಾಜ್ಯೋತ್ಸವ, ತಾಳಮದ್ದಳೆ ಮಾಡಬಹುದೇ? ದೀಪ ಬೆಳಗುವುದು, ಗಣಪತಿಗೆ ಪೂಜೆ?

ಬಹಳ ಸಂಘಗಳು ಈ ಪ್ರಶ್ನೆಯನ್ನು ಕರಾರಿಗೆ ಸಹಿ ಹಾಕಿದ ಮೇಲೆ ಎತ್ತುತ್ತವೆ. ಮೊದಲೇ ಎತ್ತಿ. ರಾಜ್ಯೋತ್ಸವದ ಭಾಷಣ, ನಾಡಗೀತೆ, ಕನ್ನಡ ತರಗತಿ, ಪುಸ್ತಕ ಬಿಡುಗಡೆಗೆ ಯಾರದೂ ತಕರಾರಿರುವುದಿಲ್ಲ. ತಾಳಮದ್ದಳೆಯ ಪ್ರಸಂಗ ಪುರಾಣದ್ದು, ಆರಂಭ ಗಣಪತಿ ಸ್ತುತಿಯಿಂದ. ಆರಾಧನೆ ನಿಂತ, ಬಿಷಪರ ಆದೇಶವಿರುವ ಕಟ್ಟಡದಲ್ಲೂ ಇದನ್ನು ಫಾಬ್ರಿಕಾದವರ ಮುಂದೆ ಬಿಚ್ಚಿ ಹೇಳಿ, ಒಪ್ಪಿದ್ದನ್ನು ಕರಾರಿನಲ್ಲಿ ಬರೆಸಿ. ಮುಖ್ಯ ಸಭಾಂಗಣದಲ್ಲಿ ಮಾತಿನ ಕಾರ್ಯಕ್ರಮ, ಪೂಜಾವಿಧಿಯಿರುವುದು ಬೇರೆ ಜಾಗದಲ್ಲಿ ಎಂಬ ಒಪ್ಪಂದ ಇಬ್ಬರಿಗೂ ಗೌರವ ತರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಕಂಡ ಕುಟುಂಬಗಳು ಆ ಊರಿನಲ್ಲೇ ಇವೆ. ಅವರ ಮನಸ್ಸು ನೋಯಿಸಿ ನಡೆಸಿದ ಕಾರ್ಯಕ್ರಮ ನಮ್ಮ ಭಾಷೆಗೆ ಮಾನ ತರುವುದಿಲ್ಲ.

ಮೂರ್ತಿ ಪ್ರತಿಷ್ಠಾಪಿಸುವ ಮಾತಂತೂ ಬೇಡವೇ ಬೇಡ. ಒಂದು ಧರ್ಮದ ಪೂಜಾಸ್ಥಳವನ್ನು ಇನ್ನೊಂದು ಧರ್ಮದ ಪೂಜಾಸ್ಥಳವಾಗಿ ಮಾರ್ಪಡಿಸುವುದನ್ನು 1991ರ ಪೂಜಾಸ್ಥಳಗಳ ಕಾಯ್ದೆ ನಿಷೇಧಿಸಿದೆ. ಎಣ್ಣೆದೀಪ ಬೆಳಗುವುದಾದರೆ ಮರದ ಕೆಲಸದಿಂದ ದೂರ, ಮರಳು ತುಂಬಿದ ಅಗಲ ತಟ್ಟೆಯ ಮೇಲಿಡಿ.

ಕಟ್ಟಡವನ್ನು ಮೊದಲು ಹೇಗೆ ಪರೀಕ್ಷಿಸಬೇಕು?

ಒಂದು ಪೂರ್ತಿ ಮಳೆಗಾಲ ನೋಡಿ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜನವರಿಯಲ್ಲಿ ಒಣಗಿ ನಗುವ ಗೋಡೆ ಜುಲೈಯಲ್ಲಿ ಬೇರೆಯೇ ಕಥೆ ಹೇಳುತ್ತದೆ. ಸುರಿಯುವ ಮಳೆಯಲ್ಲಿ ಟಾರ್ಚ್ ಹಿಡಿದು ಒಳಗೆ ನಿಂತು, ನೀರಿಳಿವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ.

ಒದ್ದೆ ಎಲ್ಲಿಂದ ಬಂತೆಂಬುದನ್ನು ಅದರ ಆಕಾರವೇ ಹೇಳುತ್ತದೆ. ನೆಲದಿಂದ ಮೇಲಕ್ಕೆ ಒಂದು ಮೀಟರಿನವರೆಗೆ ಪಟ್ಟಿಯಂತೆ ಹರಡಿ, ಮೇಲಂಚಿನಲ್ಲಿ ಬಿಳಿ ಉಪ್ಪು ಬಿಟ್ಟಿದ್ದರೆ ನೀರು ಅಡಿಪಾಯದಿಂದ ಏರುತ್ತಿದೆ. ಮೇಲಿನಿಂದ ನಾಲಗೆಯಂತೆ ಇಳಿದಿದ್ದರೆ ಹಂಚು ಅಥವಾ ದೋಣಿಯ (ಮಾಡಿನ ಮಳೆನೀರು ಹರಿಯುವ ಕಾಲುವೆಯ) ದೋಷ. ಪಶ್ಚಿಮದ ಗೋಡೆಯ ತುಂಬ ಚದುರಿದಂತಿದ್ದರೆ ಗಾಳಿಮಳೆ ಗಾರೆಯ ಬಿರುಕಿನಿಂದ ಒಳಗೆ ಬರುತ್ತಿದೆ.

ಬಿರುಕುಗಳಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಸುಣ್ಣದ ಗಾರೆಯಿಂದ ಅಂಟಿಸಿ, ದಿನಾಂಕ ಬರೆಯಿರಿ. ಗಾಜು ಒಡೆದರೆ ಗೋಡೆ ಈಗಲೂ ಸರಿಯುತ್ತಿದೆ, ಸ್ಟ್ರಕ್ಚರಲ್ ಇಂಜಿನಿಯರ್ ಬಾರದೆ ಮುಂದಿನ ಹೆಜ್ಜೆ ಇಲ್ಲ. ವರ್ಷಪೂರ್ತಿ ಗಾಜು ಉಳಿದರೆ ಅದು ಹಳೆ ಬಿರುಕು, ತುಂಬಿದರೆ ಸಾಕು.

ಮರದ ಪರೀಕ್ಷೆಗೆ ಚೂಪಾದ ಡಬ್ಬಣ ಸಾಕು. ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ ಚುಚ್ಚಿ. ಒಂದೆರಡು ಮಿ.ಮೀ. ಹೋಗಿ ನಿಂತರೆ ಸರಿ, ಬೆಣ್ಣೆಗೆ ಹೋದಂತೆ ಇಳಿದರೆ ಅಲ್ಲಿ ಮರವೇ ಇಲ್ಲ. ನಡುವೆ ಗಟ್ಟಿಯಾಗಿ ಕಾಣುವ ತೊಲೆಗಳು ಕೆಡುವುದು ಈ ಮುಚ್ಚಿದ ತುದಿಯಲ್ಲಿ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ.

ಗೋಡೆಗೆ ಸಿಮೆಂಟ್ ಗಾರೆ ಮಾಡಿಸಿದರೆ ಬೇಗ ಮುಗಿಯುತ್ತದಲ್ಲ, ಏಕೆ ಬೇಡ?

ಗೋವಾದ ಚರ್ಚುಗಳ ಗೋಡೆ ಹೆಚ್ಚಾಗಿ ಚಿರೇಕಲ್ಲಿನದು (ಲ್ಯಾಟರೈಟ್). ಅದು ತೂತು ತೂತಾದ ಕಲ್ಲು. ಮಳೆಗಾಲದಲ್ಲಿ ನೀರು ಹೀರಿ, ಬೇಸಿಗೆಯಲ್ಲಿ ಮೇಲ್ಮೈಯಿಂದ ಬಿಡುತ್ತದೆ. ಸುಣ್ಣದ ಗಾರೆ ಈ ಉಸಿರಾಟಕ್ಕೆ ಅಡ್ಡಿಯಾಗುವುದಿಲ್ಲ. ಸಿಮೆಂಟ್ ಗಟ್ಟಿ, ಆದರೆ ಸಣ್ಣ ಬಿರುಕು ಬಿಟ್ಟೇ ಬಿಡುತ್ತದೆ. ಬಿರುಕಿನಿಂದ ಒಳಹೋದ ನೀರು ಹೊರಬರಲು ದಾರಿಯಿಲ್ಲದೆ ಸಿಮೆಂಟಿನ ಹಿಂದೆ ನಿಲ್ಲುತ್ತದೆ. ಒಣಗುವಾಗ ನೀರಿನಲ್ಲಿ ಕರಗಿದ್ದ ಉಪ್ಪು ಅಲ್ಲೇ ಹರಳುಗಟ್ಟಿ ಕಲ್ಲಿನ ಮುಖವನ್ನು ಪುಡಿ ಮಾಡುತ್ತದೆ. ಕೆಲವು ವರ್ಷಗಳ ನಂತರ ಸಿಮೆಂಟ್ ಹಲಗೆಯಂತೆ ಕಳಚುವಾಗ ಕಲ್ಲಿನ ಮುಖವೂ ಜೊತೆಗೇ ಬರುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಮಾಡುವ ಹಾನಿಯೂ ಇದೇ ಬಗೆಯದು.

ಗಾರೆಯನ್ನೇ ಕಿತ್ತು ಕಲ್ಲು ತೋರಿಸುವುದು ಇದಕ್ಕೆ ವಿರುದ್ಧವಾದ ತಪ್ಪು. 1605ರಲ್ಲಿ ಪ್ರತಿಷ್ಠೆಯಾದ ಬೊಮ್ ಜೀಸಸ್ ಬಸಿಲಿಕಾದ ಹೊರಗಿನ ಸುಣ್ಣದ ಗಾರೆಯನ್ನು 1950ರ ದಶಕದಲ್ಲಿ ತೆಗೆದುಹಾಕಿದರು. ಇಂದು ಪ್ರವಾಸಿಗರು ಮೆಚ್ಚುವ ಆ ಕೆಂಪು ಮುಖ ಕಟ್ಟಿದವರು ಬಯಸಿದ್ದಲ್ಲ. ಅಂದಿನಿಂದ ಕಲ್ಲು ಮಳೆಗೆ ನೇರ ಒಡ್ಡಿಕೊಂಡು ಸವೆಯುತ್ತಿದೆ. 'ಹಳೆಯ ಕಲ್ಲು ಕಾಣಲಿ, ಚೆಂದ' ಎಂದು ನಿಮ್ಮ ವಾಸ್ತುಶಿಲ್ಪಿ ಹೇಳಿದರೆ ಇದನ್ನು ನೆನಪಿಸಿ.

ಈಗಾಗಲೇ ಸಿಮೆಂಟ್ ಇದ್ದರೆ ಕೈಯುಳಿ, ಸಣ್ಣ ಸುತ್ತಿಗೆಯಿಂದ ಒಂದು ಚದರ ಮೀಟರ್ ತೆಗೆದು ನೋಡಿ. ಬ್ರೇಕರ್ ಮೆಷಿನ್ ಬೇಡ. ಕಲ್ಲಿನ ಮುಖ ಕಿತ್ತು ಬರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಗಟ್ಟಿಯಾಗಿ ಅಂಟಿದ ಸಿಮೆಂಟನ್ನು ಬಿಟ್ಟು, ಟೊಳ್ಳು ಸದ್ದು ಕೊಡುವ ಭಾಗವನ್ನಷ್ಟೇ ತೆಗೆಯುವುದು ಕಡಿಮೆ ಹಾನಿ.

ಸುಣ್ಣದ ಗಾರೆ ತಯಾರಿಸುವುದು ಹೇಗೆ? ಎಷ್ಟು ಬೇಕು?

100 ಚದರ ಮೀಟರ್ ಗೋಡೆಗೆ ಎರಡು ಪದರ ಸೇರಿ 20 ಮಿ.ಮೀ. ಗಾರೆ ಎಂದರೆ 2 ಘನ ಮೀಟರ್. ಹಳೆ ಗೋಡೆಯ ಏರುತಗ್ಗು, ಕೆಳಗೆ ಬೀಳುವುದು ಸೇರಿಸಿ 2.6 ಘನ ಮೀಟರ್ ಹಿಡಿಯಿರಿ. ಒಂದು ಪಾಲು ಸುಣ್ಣದ ಮುದ್ದೆಗೆ (ಸುಟ್ಟ ಸುಣ್ಣವನ್ನು ನೀರಿನಲ್ಲಿ ತಣಿಸಿದ್ದು) ಮೂರು ಪಾಲು ಮರಳು. ಮುದ್ದೆ ಮರಳಿನ ಸಂದುಗಳಲ್ಲಿ ಕೂರುವುದರಿಂದ ಮರಳೂ ಸುಮಾರು 2.6 ಘನ ಮೀಟರ್ ಬೇಕು, ಮುದ್ದೆ ಸುಮಾರು 870 ಲೀಟರ್. ಅಷ್ಟು ಮುದ್ದೆಗೆ 430ರಿಂದ 450 ಕಿಲೋ ಒಳ್ಳೆಯ ಸುಟ್ಟ ಸುಣ್ಣ ಸಾಕು.

ನೀರಿಗೆ ಸುಣ್ಣ ಹಾಕಿ, ಸುಣ್ಣಕ್ಕೆ ನೀರು ಹಾಕಬೇಡಿ. ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಕಡ್ಡಾಯ. ತಣಿದ ಮುದ್ದೆಯನ್ನು ಜರಡಿಯಲ್ಲಿ ಸೋಸಿ, ಮೇಲೆ ನೀರು ನಿಲ್ಲುವಂತೆ ಕನಿಷ್ಠ ನಾಲ್ಕು ವಾರ ಇಡಿ. ಮೂರು ತಿಂಗಳಾದರೆ ಇನ್ನೂ ಒಳ್ಳೆಯದು. ಅವಸರದಲ್ಲಿ ಬಳಸಿದರೆ ಸರಿಯಾಗಿ ತಣಿಯದ ಕಾಳುಗಳು ಗೋಡೆಯ ಮೇಲೆ ತಣಿದು ಉಬ್ಬಿ, ಗಾರೆಯಲ್ಲಿ ಗುಳಿ ಬೀಳುತ್ತವೆ.

ಮರಳಿನ ಬಗ್ಗೆ ವಿಶೇಷ ಎಚ್ಚರ ಬೇಕು. ಗೋವಾದ ನದಿಗಳ ಕೆಳಭಾಗದಲ್ಲಿ ಉಬ್ಬರದ ಉಪ್ಪುನೀರು ಒಳಗಿನವರೆಗೂ ನುಗ್ಗುತ್ತದೆ, ಅಲ್ಲಿಯ ಮರಳಿನಲ್ಲಿ ಉಪ್ಪಿರುತ್ತದೆ. ಮರಳು ತೊಳೆದ ಶುದ್ಧ ನೀರಿಗೆ ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿದಾಗ ಹಾಲಿನಂತೆ ಬೆಳ್ಳಗಾದರೆ ಇನ್ನೂ ತೊಳೆಯಬೇಕು.

ಗೋಡೆಗೆ ಹಿಂದಿನ ದಿನವೂ ಆ ದಿನ ಬೆಳಗ್ಗೆಯೂ ನೀರು ಚಿಮುಕಿಸಿ. ಪದರ 10–12 ಮಿ.ಮೀ. ಮೀರಬಾರದು. ಎರಡನೆಯದನ್ನು ಮೊದಲನೆಯದು ಉಗುರಿಗೆ ಗಟ್ಟಿಯಾದ ಮೇಲೆ ಹಾಕಿ. ಒದ್ದೆ ಗೋಣಿ ಇಳಿಬಿಟ್ಟು ಒಂದು ವಾರ ಬಿಸಿಲು, ಗಾಳಿಯಿಂದ ಕಾಪಾಡಿ. ಗಾರೆ ಬಿರಿಯಲು ಸಾಮಾನ್ಯ ಕಾರಣಗಳು ಎರಡೇ: ದಪ್ಪ ಪದರ, ಬೇಗ ಒಣಗಿದ್ದು. ಮೇಲೆ ಸುಣ್ಣದ ತಿಳಿಯನ್ನು ತೆಳುವಾಗಿ ಮೂರು ನಾಲ್ಕು ಸಲ ಬಳಿಯಿರಿ.

ಮಾಡಿನ (ಚಾವಣಿಯ) ಕೆಲಸ ಹೇಗೆ ಲೆಕ್ಕ ಹಾಕುವುದು?

24 ಮೀ. ಉದ್ದ, 9 ಮೀ. ಅಗಲದ ಸಭಾಂಗಣ ಎಂದುಕೊಳ್ಳಿ. 30 ಡಿಗ್ರಿ ಇಳಿಜಾರು, ಎರಡೂ ಕಡೆ 60 ಸೆಂ.ಮೀ. ಸೂರು. ಒಂದು ಬದಿಯ ಇಳಿಜಾರಿನ ಉದ್ದ ಸುಮಾರು 5.9 ಮೀ., ಎರಡೂ ಬದಿ ಸೇರಿ ಹತ್ತಿರ ಹತ್ತಿರ 283 ಚದರ ಮೀಟರ್. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಬೇಕು. ಅಂದರೆ 4250 ಹಂಚು, ಒಡೆಯುವುದಕ್ಕೆ ಶೇ. 10 ಸೇರಿಸಿ 4700 ತರಿಸಿ. ಮಾಡಿನ ನೆತ್ತಿಯ ಕೋಳಿಹಂಚು ಬೇರೆ.

ಇಳಿಸಿದ ಹಳೆ ಹಂಚನ್ನು ಎಸೆಯಬೇಡಿ. ಬೆರಳ ಗೆಣ್ಣಿನಿಂದ ತಟ್ಟಿ: ಗಣಗಣ ಎಂದರೆ ಒಳ್ಳೆಯದು, ಮಂಕಾಗಿ ಸದ್ದು ಬಂದರೆ ಒಳಗೆ ಬಿರುಕು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಅಂಥ ಹಳೆ ಕಾರ್ಖಾನೆಗಳ ಮುದ್ರೆಯಿರುವ ಹಂಚು ಸಿಕ್ಕರೆ ಒಂದೇ ಬದಿಗೆ ಒಟ್ಟಾಗಿ ಹೊದಿಸಿ, ಹೊಸದನ್ನು ಇನ್ನೊಂದು ಬದಿಗೆ. ಬೆರೆಸಿದರೆ ಅಳತೆಯ ಸಣ್ಣ ವ್ಯತ್ಯಾಸದಿಂದ ಹಂಚುಗಳು ಕೂರದೆ ಗಾಳಿಮಳೆಗೆ ನೀರು ನುಗ್ಗುತ್ತದೆ.

ಪಕ್ಕಾಸಿನ (ಹಂಚು ಹೊರುವ ಇಳಿಜಾರು ಮರದ) ತುದಿ ಮಾತ್ರ ಕೆಟ್ಟಿದ್ದರೆ ಪೂರ್ತಿ ಬದಲಿಸಬೇಡಿ. ಕೆಟ್ಟ ಭಾಗವನ್ನು ಗಟ್ಟಿ ಮರದವರೆಗೆ ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಒಣಗಿದ ಮರ ಬೆಸೆದು, ತುಕ್ಕು ಹಿಡಿಯದ ಸ್ಟೀಲ್ ಬೋಲ್ಟ್ ಹಾಕಿಸಿ. ಗೋಡೆಯೊಳಗೆ ಕೂರುವ ತುದಿಯ ಸುತ್ತ 20–25 ಮಿ.ಮೀ. ಗಾಳಿ ಆಡಲು ಜಾಗ ಬಿಡಬೇಕು. ಕಾಂಕ್ರೀಟಿನಲ್ಲಿ ಹೂತರೆ ಹೊಸ ಮರವೂ ಅದೇ ದಾರಿ ಹಿಡಿಯುತ್ತದೆ. ಹಂಚು ತೆಗೆದು ಕಾಂಕ್ರೀಟ್ ಸ್ಲ್ಯಾಬ್ ಹಾಕುವ ಸಲಹೆ ಬಂದರೆ ಒಪ್ಪಬೇಡಿ. ಹಂಚಿನ ಮಾಡು ಹೊತ್ತ ಗೋಡೆ ಸ್ಲ್ಯಾಬ್ ಹೊರಲು ಕಟ್ಟಿದ್ದಲ್ಲ.

ಎಷ್ಟು ಜನರಿಗೆ ಜಾಗ ಆಗುತ್ತದೆ?

ಮೇಲಿನ ಸಭಾಂಗಣದ ವಿಸ್ತೀರ್ಣ 216 ಚದರ ಮೀಟರ್. ಬಲಿಪೀಠದ ಕಡೆಯ ಭಾಗ, ನಡುಹಾದಿ, ಬಾಗಿಲ ಮುಂದಿನ ಜಾಗ ಬಿಟ್ಟರೆ ಕುರ್ಚಿಗೆ ಸುಮಾರು 130 ಉಳಿಯುತ್ತದೆ. ಬಿಡಿ ಕುರ್ಚಿಗಳನ್ನು ಒತ್ತಾಗಿ ಹಾಕಿದರೆ ತಲೆಗೆ 0.65 ಚದರ ಮೀಟರ್ ಎಂಬ ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕದಲ್ಲಿ 200 ಜನ. ನಾವು 150ಕ್ಕೆ ನಿಲ್ಲಿಸಿ ಎನ್ನುತ್ತೇವೆ, ಕಾರಣ ಬಾಗಿಲು. ಸಂಹಿತೆ ಸಭಾಭವನದ ಬಾಗಿಲು 2 ಮೀ. ಅಗಲವಿರಬೇಕು, ಹೊರಗೆ ತೆರೆಯಬೇಕು ಎನ್ನುತ್ತದೆ. ಹಳೆ ಚರ್ಚಿನ ಬಾಗಿಲು ಒಳಗೆ ತೆರೆಯುತ್ತದೆ, ಪಕ್ಕದ ಬಾಗಿಲುಗಳು ಕಿರಿದು.

ಕೆತ್ತನೆಯ ಬಾಗಿಲನ್ನು ತಿರುಗಿಸಿ ಕೂರಿಸುವ ಬದಲು ಕಾರ್ಯಕ್ರಮದುದ್ದಕ್ಕೂ ಪೂರ್ತಿ ತೆರೆದು, ಗೋಡೆಗೆ ಕೊಂಡಿ ಹಾಕಿ, ಕೊಂಡಿಗೆ ಬೀಗ ಜಡಿಯಿರಿ. ಪ್ರತಿ ಬಾಗಿಲಿಗೆ ಒಬ್ಬ ಸ್ವಯಂಸೇವಕ ನಿಲ್ಲಲಿ. ಈ ವ್ಯವಸ್ಥೆಯನ್ನು ಅಗ್ನಿಶಾಮಕ ಅಧಿಕಾರಿಗೆ ಬರಹದಲ್ಲಿ ಕೊಡಿ, ಒಪ್ಪಿಗೆ ಅವರದೇ. ಕುರ್ಚಿಗಳನ್ನು ನಾಲ್ಕು ನಾಲ್ಕಾಗಿ ಕಟ್ಟಿ, ಗಾಬರಿಯಲ್ಲಿ ಉರುಳಿ ದಾರಿ ಮುಚ್ಚದಿರಲಿ. ಗಾಯಕವೃಂದದ ಮರದ ಅಟ್ಟಕ್ಕೆ ಇಂಜಿನಿಯರ್ ಲಿಖಿತವಾಗಿ ಹೇಳುವವರೆಗೆ ಯಾರನ್ನೂ ಹತ್ತಿಸಬೇಡಿ.

ಒಳಗೆ ಮಾತೆಲ್ಲ ಗುಂಯ್‌ಗುಡುತ್ತದೆ. ಏನು ಮಾಡುವುದು?

ಚರ್ಚಿನ ಒಳಾಂಗಣ ಹಾಡಿಗೆ ಕಟ್ಟಿದ್ದು, ಭಾಷಣಕ್ಕಲ್ಲ. ಧ್ವನಿ ಜೋರು ಮಾಡಿದರೆ ಗುಂಯ್‌ಗುಡುವಿಕೆಯೂ ಜೋರಾಗುತ್ತದೆ. ಸರಾಸರಿ ಎತ್ತರ 8 ಮೀ. ಹಿಡಿದರೆ ನಮ್ಮ ಸಭಾಂಗಣದ ಗಾತ್ರ 1728 ಘನ ಮೀಟರ್. ಪ್ರತಿಧ್ವನಿಯ ಅವಧಿ (ಸದ್ದು ನಿಂತ ಮೇಲೆ ಗುಂಯ್ ಅಡಗಲು ಹಿಡಿಯುವ ಸಮಯ) = 0.161 × ಗಾತ್ರ ÷ ಹೀರುವಿಕೆ (ಗೋಡೆ, ಬಟ್ಟೆ, ಜನ ಸದ್ದನ್ನು ಹೀರುವ ಪ್ರಮಾಣ). ಖಾಲಿ ಇದ್ದಾಗ 3.5 ಸೆಕೆಂಡ್ ಅಳತೆ ಬಂದರೆ ಹೀರುವಿಕೆ ಸುಮಾರು 80 ಚದರ ಮೀಟರಿಗೆ ಸಮ. ಮಾತು ತಕ್ಕಮಟ್ಟಿಗೆ ತಿಳಿಯಲು 1.6 ಸೆಕೆಂಡಿಗೆ ಇಳಿಯಬೇಕು, ಅದಕ್ಕೆ 174 ಬೇಕು. ಕೊರತೆ 94. ಕುಳಿತ ಒಬ್ಬರು ಸುಮಾರು 0.45 ಹೀರುತ್ತಾರೆ, 150 ಜನರಿಂದ 67 ಬಂತು. ಉಳಿದ 27ಕ್ಕೆ, ಚದರ ಮೀಟರಿಗೆ ಸುಮಾರು 0.5 ಹೀರುವ, ನೆರಿಗೆ ಹಾಕಿದ ದಪ್ಪ ಪರದೆ ಸುಮಾರು 54 ಚದರ ಮೀಟರ್.

ಪರದೆಯನ್ನು ಗೋಡೆಗೆ ಮೊಳೆ ಹೊಡೆದು ಹಾಕಬೇಡಿ. ನೆಲದ ಮೇಲೆ ನಿಲ್ಲುವ ಸ್ಟ್ಯಾಂಡಿಗೆ ತೂಗುಬಿಟ್ಟು ಹಿಂಬದಿಯಲ್ಲಿ 10–15 ಸೆಂ.ಮೀ. ಜಾಗ ಬಿಡಿ. ಆಗ ತಗ್ಗು ಸ್ವರವೂ ಸ್ವಲ್ಪ ಹೀರಲ್ಪಡುತ್ತದೆ, ಗೋಡೆಯೂ ಒಣಗಿರುತ್ತದೆ. ದೊಡ್ಡ ಸ್ಪೀಕರ್ ಎರಡರ ಬದಲು ಸಣ್ಣ ಕಾಲಮ್ ಸ್ಪೀಕರ್ ನಾಲ್ಕನ್ನು ಜನರ ಹತ್ತಿರ, ತಗ್ಗಿನ ಧ್ವನಿಯಲ್ಲಿ ಇಡಿ. ಚೆಂಡೆ ಇರುವ ಪೂರ್ತಿ ಯಕ್ಷಗಾನಕ್ಕೆ ಈ ಜಾಗ ಹೊಂದುವುದಿಲ್ಲ, ಅಂಗಳವೇ ಸರಿ. ಅಂಗಳದಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ನಿಷಿದ್ಧ ಎಂಬುದೂ ಲೆಕ್ಕದಲ್ಲಿರಲಿ.

ಎಸಿ ಹಾಕಿಸಬಹುದೇ?

ಬೇಡ. ತಣ್ಣಗಾದ ಗೋಡೆಯ ಮೇಲೆ ಹೊರಗಿನ ತೇವದ ಗಾಳಿ ಹನಿಗಟ್ಟುತ್ತದೆ. ವಾರಕ್ಕೊಮ್ಮೆ ನಾಲ್ಕು ಗಂಟೆ ಓಡಿಸಿ ನಿಲ್ಲಿಸುವ ಎಸಿಯಿಂದ ಮರದ ಬಲಿಪೀಠ ಹಿಗ್ಗಿ ಕುಗ್ಗಿ ಚಿನ್ನದ ಲೇಪ ಏಳುತ್ತದೆ. ಮೇಲಿನ ಕಿಟಕಿಗಳನ್ನು ತೆರೆಯುವಂತೆ ಮಾಡಿ, ನೆಲದ ಮೇಲೆ ನಿಲ್ಲುವ ದೊಡ್ಡ ಫ್ಯಾನ್ ಬಳಸಿ. ತೂಗುವ ಫ್ಯಾನ್ ಬೇಕೇ ಬೇಕೆಂದರೆ ಅಡ್ಡತೊಲೆಯ ನಡುವಿಗೆ ಹಾಕದೆ, ಆಧಾರದ ಹತ್ತಿರ ಹಾಕಿಸಿ.

ವಿದ್ಯುತ್ ಕೆಲಸದಲ್ಲಿ ಏನು ನೋಡಬೇಕು?

ಹಳೆ ತಂತಿಯನ್ನು ಪೂರ್ತಿ ಕಡಿದು ಹೊಸದಾಗಿ ಮಾಡಿಸಿ. ಬಟ್ಟೆ ಸುತ್ತಿದ ತಂತಿ ಇನ್ನೂ ಎಷ್ಟೋ ಕಪೇಲುಗಳ ಮಾಡಿನೊಳಗಿದೆ, ಬೆಂಕಿ ಅಲ್ಲಿಂದಲೇ ಹತ್ತುವುದು. ಎಲ್‌ಇಡಿ ದೀಪ, ಹತ್ತು ಹನ್ನೆರಡು ಫ್ಯಾನ್, ಧ್ವನಿ ಸೇರಿ 5 ಕಿಲೋವ್ಯಾಟ್ ಸಾಕು. ಗೋಡೆ ಕೊರೆದು ಪೈಪ್ ಹೂಳಬೇಡಿ. ಪೈಪ್ ಗೋಡೆಯ ಮೇಲೆ ಕಾಣುವಂತೆ ಹೋಗಲಿ, ಸ್ಕ್ರೂ ಕಲ್ಲಿಗಲ್ಲ, ಕಲ್ಲಿನ ನಡುವಿನ ಗಾರೆಗೆ ಇಳಿಯಲಿ. ಮುಂದೆ ಕಿತ್ತರೂ ಸುಣ್ಣ ತುಂಬಿದರೆ ಮುಗಿಯಿತು. ಮಾಡಿನೊಳಗೆ ಇಲಿ ಕಡಿಯದಂತೆ ಕಲಾಯಿ ಹಾಕಿದ ಲೋಹದ ಪೈಪ್ ಬೇಕು. 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ (ಆರ್‌ಸಿಸಿಬಿ) ಪ್ರತಿ ಪ್ಲಗ್ ಸಾಲಿಗೂ ಇರಲಿ. ಗಂಟೆಗೋಪುರಕ್ಕೆ ಸಿಡಿಲು ರಕ್ಷಕವಿದ್ದರೆ ಅದರ ನೆಲಸಂಪರ್ಕ 10 ಓಮಿನೊಳಗಿದೆಯೇ ಎಂದು ಮೇ ತಿಂಗಳಲ್ಲಿ ಅಳೆಯಿಸಿ. ಎಷ್ಟೋ ಕಡೆ ಕೆಳಗಿನ ತಾಮ್ರದ ಪಟ್ಟಿಯನ್ನು ಯಾರೋ ಕಡಿದು ಮಾರಿರುತ್ತಾರೆ.

ಶೌಚಾಲಯ, ಅಡುಗೆ ಎಲ್ಲಿ?

ಎರಡೂ ಹೊರಗೆ, ಬೇರೆ ಕಟ್ಟಡದಲ್ಲಿ. 150 ಜನರಿಗೆ ಮಹಿಳೆಯರಿಗೆ ಐದು, ಪುರುಷರಿಗೆ ಎರಡು ಮತ್ತು ನಾಲ್ಕು ಮೂತ್ರದ ತೊಟ್ಟಿ, ಗಾಲಿಕುರ್ಚಿಯವರಿಗೆ ಒಂದು ಎಂದರೆ ಸಾಲು ನಿಲ್ಲುವುದಿಲ್ಲ. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀ. ದೂರವಿರಲಿ. ಚಿರೇಕಲ್ಲಿನ ನೆಲದಲ್ಲಿ ನೀರು ಬೇಗ ಹರಿಯುವುದರಿಂದ ಇನ್ನೂ ದೂರವಾದರೆ ಒಳ್ಳೆಯದು. ಗ್ಯಾಸ್ ಒಲೆ ಹಂಚಿನ ಮಾಡಿನ ಕೆಳಗೆ ಬೇಡ. ಊಟ ಮಂಟಪದಲ್ಲಿ.

ನೆಲದಲ್ಲಿ ಸಮಾಧಿ ಕಲ್ಲುಗಳಿವೆ. ಅವುಗಳ ಮೇಲೆ ಕುರ್ಚಿ ಹಾಕಬಹುದೇ?

ಅಕ್ಷರ, ಲಾಂಛನ ಕೆತ್ತಿದ ಕಲ್ಲುಗಳನ್ನು ನಡುಹಾದಿಯಿಂದಲೂ ಕುರ್ಚಿಯಿಂದಲೂ ಹೊರಗಿಡಿ. ಆಗದಿದ್ದರೆ ಮೇಲೆ ಹತ್ತಿಯ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ನೆಲಕ್ಕೆ ಮೊಳೆ ತಾಗದ ಬಿಡಿ ಮರದ ಹಲಗೆ ಇಡಿ. ಪ್ಲಾಸ್ಟಿಕ್ ಹಾಳೆ ಬೇಡ, ಅಡಿಯಲ್ಲಿ ತೇವ ಕಟ್ಟುತ್ತದೆ. ವಿಟ್ರಿಫೈಡ್ ಟೈಲ್ ಹಾಕಿದರೆ ನೆಲದಿಂದ ಹೊರಹೋಗುತ್ತಿದ್ದ ತೇವವೆಲ್ಲ ಗೋಡೆಗೆ ತಿರುಗುತ್ತದೆ. ನೆಲ ಹೊಸದು ಮಾಡಿದ ವರ್ಷವೇ ಗೋಡೆಯ ಬುಡ ಒದ್ದೆಯಾಗುವುದು ಇದರಿಂದಲೇ. ಅಗೆಯುವಾಗ ಅಸ್ಥಿ ಸಿಕ್ಕರೆ ಕೆಲಸ ನಿಲ್ಲಿಸಿ ಪಾದ್ರಿಗಳಿಗೆ ತಿಳಿಸಿ.

ಗಾಲಿಕುರ್ಚಿಯವರು ಒಳಗೆ ಬರಲು ಏನು ಮಾಡಬೇಕು?

ಗಾಲಿಕುರ್ಚಿಯ ಇಳಿಜಾರು 12ಕ್ಕೆ 1. ಜಗಲಿ 45 ಸೆಂ.ಮೀ. ಎತ್ತರವಿದ್ದರೆ 5.4 ಮೀ. ಉದ್ದ, 1.2 ಮೀ. ಅಗಲ. ಪಕ್ಕದ ಬಾಗಿಲಿಗೆ, ಹಳೆ ಮೆಟ್ಟಿಲಿಗೆ ತಾಗದೆ, ಬಿಚ್ಚಿ ತೆಗೆಯಬಹುದಾದ ಸ್ಟೀಲಿನದು ಮಾಡಿಸಿ.

ಬಲಿಪೀಠ, ಪ್ರತಿಮೆಗಳನ್ನು ನಾವೇ ಸ್ವಚ್ಛ ಮಾಡಬಹುದೇ?

ಮುಟ್ಟಬೇಡಿ. ಒದ್ದೆ ಬಟ್ಟೆಯ ಒಂದೇ ಒರೆಸಿಗೆ ಚಿನ್ನದ ಹಾಳೆ ಹೋಗುತ್ತದೆ. ಕೆಲಸ ನಡೆಯುವಾಗ ಹತ್ತಿ ಬಟ್ಟೆ ಹೊದಿಸಿ, ಉಳಿದದ್ದು ಪರಿಣತ ಸಂರಕ್ಷಕರ ಕೆಲಸ.

ಬಾಡಿಗೆ ತೆಗೆದುಕೊಂಡರೆ ಜಿಎಸ್‌ಟಿ ಬೀಳುತ್ತದೆಯೇ?

ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತ ಧರ್ಮಾರ್ಥ ಟ್ರಸ್ಟ್, ಸಾರ್ವಜನಿಕ ಧಾರ್ಮಿಕ ಸ್ಥಳದ ಆವರಣವನ್ನು ಬಾಡಿಗೆಗೆ ಕೊಟ್ಟಾಗ, ಸಭಾಭವನದ ಬಾಡಿಗೆ ದಿನಕ್ಕೆ ₹10,000ಕ್ಕಿಂತ ಕಡಿಮೆಯಿದ್ದರೆ ವಿನಾಯಿತಿ ಇದೆ. ಆರಾಧನೆ ನಿಲ್ಲಿಸಿದ ಕಟ್ಟಡ 'ಧಾರ್ಮಿಕ ಸ್ಥಳ'ವೇ ಎಂಬುದನ್ನು ಲೆಕ್ಕಪರಿಶೋಧಕರ ಬಳಿ ಮೊದಲೇ ಕೇಳಿ. ಬಾಡಿಗೆಯ ಒಂದು ಪಾಲನ್ನು ದುರಸ್ತಿಗೆಂದು ಬೇರೆ ಖಾತೆಯಲ್ಲಿ ಇಡುವುದನ್ನು ಕರಾರಿನಲ್ಲೇ ಬರೆಸಿ.

ಕೆಲಸ ಯಾವಾಗ ಆರಂಭಿಸಬೇಕು? ಮುಗಿದ ಮೇಲೆ ಏನು?

ಸುಣ್ಣವನ್ನು ಆಗಸ್ಟಿನಲ್ಲೇ ತಣಿಸಿಡಿ. ಅಕ್ಟೋಬರಿನಲ್ಲಿ ಅಟ್ಟಣಿಗೆ ಕಟ್ಟಿ, ಡಿಸೆಂಬರಿನೊಳಗೆ ಮಾಡು ಮುಗಿಸಿ, ಜನವರಿಯಿಂದ ಗಾರೆ. ಹೊರಗಾರೆ ಮಾರ್ಚ್ ಕೊನೆಗೆ ಮುಗಿಯಲೇಬೇಕು. ಸುಣ್ಣ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುವುದು. ಮೇ ತಿಂಗಳಲ್ಲಿ ಮುಗಿಸಿದ ಗಾರೆ ಜೂನಿನ ಮೊದಲ ಮಳೆಗೆ ತೊಳೆದುಹೋಗುತ್ತದೆ. ತಡವಾದರೆ ಹೊರಗೋಡೆಯನ್ನು ಮುಂದಿನ ವರ್ಷಕ್ಕೆ ಬಿಡಿ.

ನಂತರ ಪ್ರತಿ ಮೇ ತಿಂಗಳು ದೋಣಿ ಶುಚಿ ಮಾಡಿ, ಜಾರಿದ ಹಂಚು ಕೂರಿಸಿ, ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅಶ್ವತ್ಥದ ಸಸಿಯನ್ನು ಬೆರಳಗಾತ್ರ ದಾಟುವ ಮೊದಲು ಬೇರು ಸಹಿತ ತೆಗೆಯಿರಿ. ಹೊಸ ಗಾರೆಯ ಪಶ್ಚಿಮ ಗೋಡೆಗೆ ಮೊದಲೆರಡು ಮಳೆಗಾಲ ಹೆಣೆದ ತೆಂಗಿನ ಮಡಲಿನ ತಡಿಕೆ ಕಟ್ಟಿ. ಗೋವಾದ ಹಳ್ಳಿಗಳಲ್ಲಿ ಇದನ್ನು ಹೆಣೆಯಬಲ್ಲವರು ಈಗಲೂ ಇದ್ದಾರೆ. ಪ್ಲಾಸ್ಟಿಕ್ ತಾಡಪಾಲಿಗಿಂತ ಇದು ಮೇಲು, ನೀರನ್ನು ಇಳಿಸಿ ಗಾಳಿಯನ್ನು ಬಿಡುತ್ತದೆ. ಗಂಟೆಗೋಪುರದಲ್ಲಿ ಗೂಬೆ, ಬಾವಲಿ ಇದ್ದರೆ ಮರಿಗಳಿಲ್ಲವೆಂದು ಖಚಿತವಾದ ಮೇಲಷ್ಟೇ ಜಾಲರಿ ಹಾಕಿ, ಹಿಕ್ಕೆ ಬಾಚುವವರು ಮುಖಗವಸು ಧರಿಸಲಿ. ಬೀಗದ ಕೀ ಒಂದು ಫಾಬ್ರಿಕಾದವರ ಬಳಿ, ಇನ್ನೊಂದು ಕಟ್ಟಡದಿಂದ ಹತ್ತು ನಿಮಿಷದೊಳಗೆ ಬರಬಲ್ಲ ಸಂಘದವರೊಬ್ಬರ ಬಳಿ ಇರಲಿ.